ಸಾಂಗಲಿ ಪೇಟೆಯ ಆರು ತಟ್ಟೆಗಳು

ದ್ರಾಕ್ಷಿ ಬೆಳೆಯುವ ಮನೆಯಲ್ಲಿ ಹುಟ್ಟಿಬೆಳೆದವನಿಗೆ ಒಣದ್ರಾಕ್ಷಿಯ ರುಚಿ ತಿಳಿಯದು ಎಂದರೆ ಓದುಗರು ನಕ್ಕಾರು. ಆದರೆ ನನ್ನ ಮಟ್ಟಿಗೆ ಅದು ಸತ್ಯ. ಜತ್ತ ತಾಲೂಕಿನ ನಮ್ಮ ಊರಿನಲ್ಲಿ ಅಣ್ಣ ಒಂದೂವರೆ ಎಕರೆ ದ್ರಾಕ್ಷಿ ತೋಟ ನೋಡಿಕೊಳ್ಳುತ್ತಾನೆ. ನಾನು ಕನ್ನಡ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆ. ಒಳ್ಳೆಯ ಕಾಳೆಲ್ಲ ಪೆಟ್ಟಿಗೆ ಸೇರಿ ಪೇಟೆಗೆ ಹೋಗುತ್ತದೆ. ಆರಿಸಿ ಉಳಿದ ಮುರುಕು, ಕಂದಿದ ಕಾಳು ನಮ್ಮ ಅಡುಗೆಮನೆಯ ಡಬ್ಬಿಗೆ ಬೀಳುತ್ತದೆ. ಪಾಯಸದಲ್ಲಿ ಸಿಕ್ಕರೆ ಅಗಿದು ನುಂಗಿದ್ದೇನೆ. ಅದರ ರುಚಿ ಏನೆಂದು ನಿಂತು ಯೋಚಿಸಿದವನಲ್ಲ. ಈ ಬಾರಿ ಯುಗಾದಿಯ ಮರುವಾರ ಸಾಂಗಲಿ ಪೇಟೆಗೆ ಹೋಗಿ ಬಂದ ಮೇಲೆ ಆ ಅಜ್ಞಾನ ಸ್ವಲ್ಪ ಕರಗಿತು. ಅದರ ಜೊತೆಗೆ ಇನ್ನೇನೋ ಕಲಿಯಬೇಕಾಯಿತು. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಪ್ರತಿವರ್ಷ ಪೇಟೆಗೆ ಹೋಗುವವನು ಅಣ್ಣನೇ. ಈ ಸಲ ಒಣಗಿಸುವ ಶೆಡ್ಡಿನ ಮೇಲಟ್ಟದಿಂದ ಜಾರಿ ಬಿದ್ದು ಅವನ ಬಲಗೈ ಮುರಿದಿತ್ತು. ಮೊದಲ ಕಂತಿನ ಮಾಲು 60 ಪೆಟ್ಟಿಗೆ. ಪೆಟ್ಟಿಗೆಗೆ 15 ಕಿಲೋದಂತೆ 900 ಕಿಲೋ. ಊರಿನ ಬೇರೆ ರೈತರ ಮಾಲಿನೊಡನೆ ಅದು ಹಿಂದಿನ ರಾತ್ರಿಯೇ ಟೆಂಪೋದಲ್ಲಿ ಹೋಯಿತು. ಬೆಳಗಿನ ಬಸ್ಸಿಗೆ ನಾನು ಹೊರಟೆ. ಏಳನೆಯ ತರಗತಿಯ ಮಗಳು ತಾನೂ ಬರುವೆನೆಂದು ಹಟ ಹಿಡಿದಳು. ಪಟ್ಟಿ, ರಸೀದಿ, ಸವಾಲಿನ ಮಾತು ಎಲ್ಲವೂ ಮರಾಠಿಯಲ್ಲಿ. ನನಗೆ ಓದಲು ಬರುತ್ತದೆ, ಸರಾಗವಾಗಿ ಮಾತಾಡಲು ನಾಲಿಗೆ ಹೊರಳದು. ಕನ್ನಡ ಶಾಲೆಯಲ್ಲಿ ಕಲಿಯುತ್ತಿದ್ದರೂ ಮಗಳಿಗೆ ಎರಡೂ ಭಾಷೆ ಒಂದೇ ಸಲೀಸು. ನಮ್ಮ ಭಾಗದ ಮಕ್ಕಳೆಲ್ಲ ಹೀಗೆಯೇ. ಮನೆಯ ಹಿರಿಯರಿಗೂ ಕಚೇರಿಗೂ ನಡುವೆ ಇವರೇ ಸೇತುವೆ. ಹೀಗಾಗಿ ಅವಳನ್ನು ಕರೆದುಕೊಂಡೆ.

ಕವಠೆ ಮಹಾಂಕಾಳ ದಾಟುವವರೆಗೂ ದಾರಿಯ ಎರಡೂ ಬದಿಗೆ ಹಸಿರು ಬಲೆ ಹೊದ್ದ ಶೆಡ್ಡುಗಳು ಕಾಣುತ್ತಿದ್ದವು. ನಮ್ಮದು ಮಳೆ ಕಡಿಮೆಯ ಸೀಮೆ. ಮಿರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನೆತ್ತಿ ಹರಿಸುವ ಯೋಜನೆ ಕೆಲವು ಊರುಗಳಿಗೆ ಜೀವ ಕೊಟ್ಟಿದೆ. ಉಳಿದವರು ಬಾವಿ, ಹೊಂಡ, ಟ್ಯಾಂಕರುಗಳನ್ನು ನಂಬಿ ಬಳ್ಳಿ ಉಳಿಸಿಕೊಳ್ಳುತ್ತಾರೆ. ಆದರೆ ಯಾವ ಒಣಹವೆ ಕುಡಿಯುವ ನೀರಿಗೆ ನಮ್ಮನ್ನು ಅಲೆದಾಡಿಸುತ್ತದೆಯೋ ಅದೇ ಒಣಹವೆ ದ್ರಾಕ್ಷಿ ಒಣಗಿಸಲು ಬೇಕು.

ಒಣಗಿಸುವ ಬಗೆಯನ್ನು ತೋಟವಿಲ್ಲದ ಮನೆಯ ಮಕ್ಕಳಿಗಾಗಿ ಎರಡು ಮಾತಿನಲ್ಲಿ ಹೇಳಬೇಕು. ಅಕ್ಟೋಬರ್ ಸುಮಾರಿಗೆ ಬಳ್ಳಿ ಚಾಟನಿ ಮಾಡಿದರೆ ಬೇಸಿಗೆಯ ಬಾಗಿಲಿಗೆ ಹಣ್ಣು ಬರುತ್ತದೆ. ಸಕ್ಕರೆ ಚೆನ್ನಾಗಿ ತುಂಬಿದ ಗೊಂಚಲುಗಳನ್ನು ಕೊಯ್ದು, ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಒಂದು ಬಗೆಯ ಎಣ್ಣೆ ಕಲಸಿದ ನೀರಿನಲ್ಲಿ ಅದ್ದುತ್ತಾರೆ. ಹಣ್ಣಿನ ಸಿಪ್ಪೆಯ ಮೇಲೆ ಬೂದಿಯಂತೆ ಕಾಣುವ ಮೇಣದ ಪದರವೊಂದಿದೆ. ಒಳಗಿನ ನೀರನ್ನು ಅದು ಹೊರಬಿಡುವುದಿಲ್ಲ. ಅದ್ದಿದಾಗ ಆ ಪದರ ಸಡಿಲವಾಗುತ್ತದೆ. ಬಳಿಕ ನೆರಳಿನಲ್ಲಿ, ಒಂದರ ಮೇಲೊಂದು ಕಟ್ಟಿದ ಬಲೆಯ ಅಟ್ಟಗಳ ಮೇಲೆ ಹರವುತ್ತಾರೆ. ಎರಡು ಮೂರು ವಾರದಲ್ಲಿ ನಾಲ್ಕು ಕಿಲೋ ಹಣ್ಣು ಸುಮಾರು ಒಂದು ಕಿಲೋ ಒಣದ್ರಾಕ್ಷಿಯಾಗುತ್ತದೆ. ನೆರಳಿನಲ್ಲಿ ಬೇಗ ಒಣಗಿದರೆ ಕಾಳು ಹಸಿರಾಗಿ ಉಳಿಯುತ್ತದೆ. ಬಿಸಿಲು ಬಿದ್ದರೆ, ಇಲ್ಲವೆ ಮಳೆಯ ತಂಪಿಗೆ ಒಣಗುವುದು ತಡವಾದರೆ, ಕಂದುತ್ತದೆ.

ನಮ್ಮ ಮಾಲಿಗೆ ಆದದ್ದು ಇದೇ. ಮಾರ್ಚಿಯಲ್ಲಿ ಒಂದು ಸಂಜೆ ಗಾಳಿಯೊಡನೆ ಅಕಾಲದ ಮಳೆ ಬಂದು ಶೆಡ್ಡಿನ ಪಡುವಣ ಬದಿಯ ಅಟ್ಟಗಳನ್ನು ತೋಯಿಸಿತು. ಆ ಭಾಗದ ಕಾಳು ಕಂದು ಬಣ್ಣಕ್ಕೆ ತಿರುಗಿತು. ಪೆಟ್ಟಿಗೆ ತುಂಬುವ ದಿನ ಅಣ್ಣ ಕೆಲವು ಪೆಟ್ಟಿಗೆಗಳ ಅಡಿಗೆ ಆ ಕಾಳನ್ನು ಹಾಕಿಸಿ, ಮೇಲೆ ಹಸಿರು ಕಾಳನ್ನು ಹರವಿಸಿದ. ನಾನು ಶೆಡ್ಡಿನ ಬಾಗಿಲಲ್ಲಿ ನಿಂತು ನೋಡಿದೆ. ನೋಡದವನಂತೆ ಒಳಗೆ ಹೋದೆ.

ಸಾಂಗಲಿಯ ಮಾರ್ಕೆಟ್ ಯಾರ್ಡ್ ಸೇರಿದಾಗ ಬಿಸಿಲೇರಿತ್ತು. ಅರಿಸಿನದ ಘಾಟು, ಬೆಲ್ಲದ ಕಮ್ಮನೆಯ ವಾಸನೆ, ಲಾರಿಗಳ ಧೂಳು ಒಟ್ಟಾಗಿ ಮೂಗಿಗೆ ಬಡಿದವು. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿ, ಅರಿಸಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಇದು ಸಾಂಗಲಿಯದು ಎಂದು ಹೇಳಿಕೊಳ್ಳಲು ಕಾಯಿದೆಯ ಬಲವಿದೆ ಎಂದರ್ಥ. ಆದರೆ ಪೇಟೆಗೆ ಬರುವ ಮಾಲು ಒಂದೇ ಜಿಲ್ಲೆಯದಲ್ಲ. ವಿಜಯಪುರ, ಅಥಣಿ ಕಡೆಯ ರೈತರೂ ಇಲ್ಲಿಗೆ, ತಾಸಗಾಂವಕ್ಕೆ ಮಾಲು ತರುತ್ತಾರೆ. ಹೀಗಾಗಿ ಯಾವ ಅಡತಿ ಅಂಗಡಿಯ ಮುಂದೆ ನಿಂತರೂ ನಾಲ್ಕು ಕನ್ನಡದ ಮಾತು ಕಿವಿಗೆ ಬೀಳುತ್ತದೆ.

ನಮ್ಮ ಅಡತಿಯವರು ವಯಸ್ಸಾದವರು. ಅಥಣಿ ಕಡೆಯ ಮೂಲದವರಾದ್ದರಿಂದ ಮನೆಮಾತು ಕನ್ನಡ. ಸವಾಲಿಗೆ ಇನ್ನೂ ಹೊತ್ತಿತ್ತು. ಮಗಳು ಅಲ್ಲಿ ಸಾಲಾಗಿ ತೆರೆದಿಟ್ಟ ಪೆಟ್ಟಿಗೆಗಳನ್ನು ಕಣ್ಣರಳಿಸಿ ನೋಡುತ್ತ, “ಅಜ್ಜಾರ, ಇಷ್ಟ ಬಗಿ ಯಾಕ ಅದಾವ್ರಿ? ಎಲ್ಲಾ ದ್ರಾಕ್ಷಿನೇ ಅಲ್ಲೇನ್ರಿ?” ಎಂದಳು. ಅವರು ನಕ್ಕು, “ತಿಂದ ನೋಡಿದ್ರ ತಿಳೀತದ ತಂಗಿ. ಕುಂದ್ರು” ಎಂದರು. ಆಳನ್ನು ಕರೆದು ಆರು ಸ್ಟೀಲಿನ ತಟ್ಟೆ ತರಿಸಿ, ತಾವೇ ಎದ್ದು ಹೋಗಿ ಒಂದೊಂದು ಹಿಡಿ ಕಾಳು ತಂದು ಹಾಕಿದರು. ಯಾವುದು ಯಾರದು ಎಂದು ಹೇಳಲಿಲ್ಲ.

“ಮಾಸ್ತರ್ರ, ನೀವೂ ನೋಡ್ರಿ. ಮೊದಲ ಕಣ್ಣು, ಆಮ್ಯಾಲೆ ಮೂಗು, ಆಮ್ಯಾಲೆ ಬೆರಳು. ನಾಲಿಗಿ ಕಡೀಕ” ಎಂದು ಕ್ರಮ ಹೇಳಿಕೊಟ್ಟರು. ಒಂದು ತಟ್ಟೆಯಿಂದ ಇನ್ನೊಂದಕ್ಕೆ ಹೋಗುವಾಗ ಹಿಂದಿನ ಸಿಹಿ ಬಾಯಲ್ಲಿ ಉಳಿಯಬಾರದು. ಅದಕ್ಕೆ ಏನಿದೆ ಎಂದು ಅವರು ಹುಡುಕುತ್ತಿರುವಾಗ ಮಗಳು ನಮ್ಮ ಬುತ್ತಿಯಿಂದ ಜೋಳದ ಖಡಕ್ ರೊಟ್ಟಿ ತೆಗೆದಳು. ಒಂದು ಚೂರು ರೊಟ್ಟಿ, ಒಂದು ಗುಟುಕು ನೀರು. ಬಾಯಿ ತೊಳೆದಂತಾಯಿತು.

ರುಚಿ ನೋಡುವುದೇ ಒಂದು ವಿದ್ಯೆಯಾದ ಕಡೆ ಎಲ್ಲೆಲ್ಲೂ ಇಂಥ ಕ್ರಮಗಳುಂಟು. ಚಹಾ, ಕಾಫಿಯ ಪರೀಕ್ಷಕರು ಚಮಚೆಯಲ್ಲಿ ಸೊರ್ರೆಂದು ಎಳೆದು ನೋಡಿ ಉಗುಳುತ್ತಾರೆ. ಜಪಾನಿನಲ್ಲಿ ಅಕ್ಕಿಯಿಂದ ಮಾಡುವ ಸಾಕೆ ಎಂಬ ಮದ್ಯವನ್ನು ಪರೀಕ್ಷಿಸುವವರು ತಳದಲ್ಲಿ ನೀಲಿ ಉಂಗುರಗಳನ್ನು ಬರೆದ ಬಿಳಿಯ ಬಟ್ಟಲು ಹಿಡಿಯುತ್ತಾರೆ. ಬಿಳುಪಿನ ಮೇಲೆ ಬಣ್ಣ ತಿಳಿಯುತ್ತದೆ, ನೀಲಿಯ ಅಂಚಿನಲ್ಲಿ ತಿಳಿಯೋ ಕದಡೋ ಎಂಬುದು ತಿಳಿಯುತ್ತದೆ. ನಮಗೆ ಸ್ಟೀಲಿನ ತಟ್ಟೆ, ಜೋಳದ ರೊಟ್ಟಿಯೇ ಸಾಕಾದವು.

ಮೊದಲ ತಟ್ಟೆಯಲ್ಲಿ ಉದ್ದನೆಯ ಹಸಿರು ಕಾಳು. ಸೊಲ್ಲಾಪುರದ ಹತ್ತಿರದ ನಾನ್ನಜದಲ್ಲಿ ಆರಿಸಿ ಬೆಳೆಸಿದ ಸೊನಾಕಾ ಜಾತಿಯ ಹಣ್ಣಿನದು ಎಂದು ಆಮೇಲೆ ತಿಳಿಯಿತು. ಸಿಪ್ಪೆ ತೆಳು, ಮೊದಲು ಹುಳಿ, ಆಮೇಲೆ ಸಿಹಿ. ಎರಡನೆಯದರಲ್ಲಿ ಅದಕ್ಕಿಂತ ಗಿಡ್ಡನೆಯ ಹಸಿರು ಕಾಳು; ಥಾಮ್ಸನ್ ಬಳ್ಳಿಯಿಂದಲೇ ತಾಸಗಾಂವ ತಾಲೂಕಿನ ಬೋರಗಾಂವದಲ್ಲಿ ಒಡೆದು ಬಂದ ತಾಸ್-ಎ-ಗಣೇಶ ಜಾತಿಯದು. ನಮ್ಮ ತೋಟದಲ್ಲಿರುವುದೂ ಅದೇ. ಹುಳಿ ಸಿಹಿ ಎರಡೂ ಸಮ. ಅಗಿದಂತೆ ರಸ ಬಿಡುತ್ತದೆ. ಮೂರನೆಯದು ಬಂಗಾರದ ಹಳದಿ. ಆರರಲ್ಲಿ ಕಣ್ಣಿಗೆ ಇದಕ್ಕಿಂತ ಚೆಂದದ್ದಿರಲಿಲ್ಲ. ಮೂಗಿನ ಬಳಿ ಒಯ್ದರೆ ಬೆಂಕಿಕಡ್ಡಿ ಗೀರಿದಂಥ ಘಾಟು. ಬಣ್ಣ ಕಂದಬಾರದೆಂದು ಗಂಧಕದ ಹೊಗೆ ಕೊಡುತ್ತಾರೆ. ಇದಕ್ಕೆ ಅದು ತುಸು ಹೆಚ್ಚೇ ಆಗಿತ್ತು. ಸಿಹಿಯ ಹಿಂದೆ ಗಂಟಲಲ್ಲಿ ಒಂದು ಕೆರೆತ ಉಳಿಯಿತು. ನಾಲ್ಕನೆಯದು ಕಪ್ಪು, ಶರದ್ ಜಾತಿಯ ಹಣ್ಣಿನದು. ತಿರುಳು ದಪ್ಪ, ಸಿಪ್ಪೆಯಲ್ಲಿ ನೇರಳೆಹಣ್ಣಿನಂಥ ಒಗರು. ಆರನೆಯದು ಹಿಂದಿನ ವರ್ಷದ್ದು, ಶೀತಗೃಹದಲ್ಲಿ ಇಟ್ಟದ್ದು. ಒಳಗೆ ಸಕ್ಕರೆ ಹರಳುಗಟ್ಟಿ ಹಲ್ಲಿಗೆ ಕರಕರ ಎನ್ನುತ್ತಿತ್ತು.

ಐದನೆಯದನ್ನು ಬೇಕೆಂದೇ ಕಡೆಗೆ ಬಿಟ್ಟಿದ್ದೇನೆ. ಅದು ಕಂದು. ಕಾಳು ಒಂದೊಂದೂ ಒಂದೊಂದು ಬಣ್ಣ. ನೋಡಲು ಏನೂ ಚೆಂದವಿಲ್ಲ. ಬಾಯಿಗೆ ಹಾಕಿಕೊಂಡರೆ ಆಲೆಮನೆಯ ಕೊಪ್ಪರಿಗೆಯಲ್ಲಿ ಪಾಕ ಏರುವಾಗಿನ ವಾಸನೆ ಬಾಯಿ ತುಂಬ ಹರಡಿತು. ಹುಳಿ ಇಲ್ಲ, ಆಳವಾದ, ನಿಧಾನದ ಸಿಹಿ. ಹೊಸ ಕಲಿಕೆಯವನ ಉತ್ಸಾಹದಲ್ಲಿ ನಾನು ಹೇಳಿಬಿಟ್ಟೆ: “ಆರರಾಗ ಇದೇ ಮೇಲು.”

ಅಡತಿಯವರು ನಗಲಿಲ್ಲ. “ನಿಮ್ಮ ನಾಲಿಗಿ ಖರೇನ ಹೇಳತದ್ರಿ. ಪ್ಯಾಟಿ ಮಾತ್ರ ಬ್ಯಾರೆ ಹೇಳತದ. ಈ ಆರರಾಗ ಎಲ್ಲಾಕಿಂತ ಕಡಿಮಿ ದರ ಅದಕ್ಕ” ಎಂದರು. ಅಷ್ಟರಲ್ಲಿ ಮಗಳು ಅದೇ ತಟ್ಟೆಯಿಂದ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, “ಅಪ್ಪಾ, ಇದು ನಮ್ಮ ಡಬ್ಬಿದು! ಅಮ್ಮ ಪಾಯಸಕ್ಕ ಹಾಕತಾಳಲ್ಲ, ಅದೇ” ಎಂದಳು.

ಆಗ ನಾನು ನಮ್ಮ ಪೆಟ್ಟಿಗೆಗಳ ಕಡೆ ನೋಡಿದೆ. ಒಂದರ ಬಾಯಿ ತೆರೆದಿತ್ತು. ಮೇಲಿನ ಹಸಿರು ಕಾಳಿನ ನಡುವೆ ಮೊಳಕೈವರೆಗೆ ಕೈ ಹೋಗಿ ಬಂದಂಥ ಗುಂಡಿ. ಎರಡನೆಯ ತಟ್ಟೆಯ ಕಾಳು ಆ ಪೆಟ್ಟಿಗೆಯ ಮೇಲಿನದು. ಐದನೆಯ ತಟ್ಟೆಯದು ಅದರ ತಳದ್ದು. ಹಿರಿಯರು ಒಂದು ಮಾತೂ ಆಡದೆ ಎರಡನ್ನೂ ನನ್ನ ಮುಂದೆ ಇಟ್ಟಿದ್ದರು.

ದಿನವೂ ತರಗತಿಯಲ್ಲಿ ನಿಂತು ಮಕ್ಕಳಿಗೆ ನುಡಿದಂತೆ ನಡೆಯಬೇಕೆಂದು ಹೇಳುವವನು ನಾನು. ಮಗಳು ನನ್ನ ಮುಖವನ್ನೂ ಪೆಟ್ಟಿಗೆಯನ್ನೂ ನೋಡುತ್ತಿದ್ದಳು. ಅವಳಿಗೆ ಅರ್ಥವಾಗಿತ್ತೋ ಇಲ್ಲವೋ ತಿಳಿಯದು, ಏನನ್ನೂ ಕೇಳಲಿಲ್ಲ. ಸವಾಲಿನಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ತೆರೆಯುವುದಿಲ್ಲ. ಕೆಲವನ್ನು ಮಾತ್ರ ತೆರೆದು ನೋಡುತ್ತಾರೆ. ಸುಮ್ಮನಿದ್ದರೆ ಈ ದಿನ ದಾಟಬಹುದಿತ್ತು. ಸೊಸೈಟಿಯ ಕಂತು, ಔಷಧದಂಗಡಿಯ ಬಾಕಿ, ಅಣ್ಣನ ಕೈಗೆ ಕಟ್ಟಿದ ಪ್ಲಾಸ್ಟರ್ ಎಲ್ಲವೂ ಸುಮ್ಮನಿರು ಎಂದೇ ಹೇಳುತ್ತಿದ್ದವು. ಆದರೆ ನಮ್ಮ ಪೆಟ್ಟಿಗೆಯ ಪಕ್ಕದಲ್ಲೇ ಊರಿನ ಬೇರೆ ನಾಲ್ವರ ಮಾಲಿತ್ತು. ನಾಳೆ ಕೊಂಡವನು ತಳ ನೋಡಿದರೆ ಅಣ್ಣನ ಹೆಸರನ್ನಷ್ಟೇ ನೆನಪಿಡುವುದಿಲ್ಲ. ಊರಿನ ಹೆಸರನ್ನು ನೆನಪಿಡುತ್ತಾನೆ.

“ಬ್ಯಾರೆ ಮಾಡಿ ಹಚ್ಚೂಣೇನ್ರಿ ಮಾಸ್ತರ್ರ?” ಎಂದು ಅಡತಿಯವರೇ ಕೇಳಿದರು. ನಾನು ತಲೆಯಾಡಿಸಿದೆ.

ಎಲ್ಲವನ್ನೂ ತೆರೆದು ನೋಡಿದಾಗ ಅಂಥವು 14 ಪೆಟ್ಟಿಗೆ ಸಿಕ್ಕವು. ತಾಡಪತ್ರಿ ಹಾಸಿ, ಅವನ್ನು ಬರಿದುಮಾಡಿ, ಹಸಿರು ಒಂದು ಕಡೆ, ಕಂದು ಒಂದು ಕಡೆ ಆರಿಸಲು ಎರಡು ತಾಸು ಹಿಡಿಯಿತು. ಅಡತಿಯವರ ಇಬ್ಬರು ಆಳು, ನಾನು, ಮಗಳು. ಕೊನೆಗೆ 7 ಪೆಟ್ಟಿಗೆ ಹಸಿರು, 7 ಪೆಟ್ಟಿಗೆ ಕಂದು ಆಯಿತು. ಆರಿಸುತ್ತ ಕುಳಿತಾಗ ಹಿರಿಯರು ಪೇಟೆಯ ಹಳೆಯ ಸಂಗತಿಗಳನ್ನು ಹೇಳಿದರು. ಕೃಷ್ಣೆ ವಾರಣೆಯರು ಕೂಡುವ ಹರಿಪುರದಲ್ಲಿ ಅರಿಸಿನವನ್ನು ನೆಲದೊಳಗಿನ ಆಳದ ಗುಂಡಿಗಳಲ್ಲಿ ಇಡುತ್ತಿದ್ದರಂತೆ. ಅಲ್ಲಿನ ಮಣ್ಣಿನ ಗುಣಕ್ಕೆ ವರ್ಷಗಟ್ಟಲೆ ಇಟ್ಟರೂ ಹುಳ ಹಿಡಿಯುತ್ತಿರಲಿಲ್ಲ. 2005ರ ಮಹಾಪೂರದ ನೀರು ನುಗ್ಗಿದ ಮೇಲೆ ಬಹಳಷ್ಟು ಗುಂಡಿಗಳು ಕೆಟ್ಟವು. ಮರಾಠಿಯಲ್ಲಿ ಅದಕ್ಕೆ ‘ಪೇವ್’ ಎನ್ನುತ್ತಾರೆ ಎಂದಾಗ ಮಗಳು, “ನಮ್ಮ ಅಜ್ಜಿ ಹಗೇವು ಅಂತಾಳಲ್ಲ, ಜ್ವಾಳ ತುಂಬತಿದ್ರಂತಲ್ಲ, ಅದೇ ಏನ್ರಿ?” ಎಂದಳು. “ಅದೇ ನೋಡು ತಂಗಿ. ಹೆಸರು ಎರಡು, ತೆಗ್ಗು ಒಂದು” ಎಂದರು.

ಸವಾಲು ನಡೆಯುವ ಬಗೆಯನ್ನು ಅಂದೇ ಮೊದಲ ಸಲ ಹತ್ತಿರದಿಂದ ಕಂಡೆ. ಕೊಳ್ಳುವವರು ಗುಂಪಾಗಿ ಬರುತ್ತಾರೆ. ಪ್ರತಿಯೊಬ್ಬರೂ ಹಿಡಿ ಕಾಳು ಎತ್ತಿ, ತೂರಿ, ಎರಡು ಬಾಯಿಗೆ ಹಾಕಿಕೊಂಡು, ಉಳಿದದ್ದನ್ನು ಬಿಡುತ್ತಾರೆ. ಪೆಟ್ಟಿಗೆಗೆ ಮರಳಿ ಬೀಳುವುದು ಕೆಲವು, ಕಾಲಡಿ ಬೀಳುವುದು ಕೆಲವು. ಒಂದೊಂದು ಕಾಳಿನ ಹಿಂದೆ ವರ್ಷದ ನೀರು, ಔಷಧ, ನಿದ್ದೆಗೆಟ್ಟ ರಾತ್ರಿಗಳಿವೆ ಎಂಬುದನ್ನು ನೆಲಕ್ಕೆ ಬಿದ್ದ ಆ ಕಾಳು ನೋಡಿದ ರೈತನೇ ಬಲ್ಲ. ರುಚಿ ನೋಡುವವನ ಹಿಡಿ ದೊಡ್ಡದಾಗಬಾರದು ಎಂಬ ಪಾಠವನ್ನೂ ಅಂದು ಕಲಿತೆ.

53 ಪೆಟ್ಟಿಗೆ ಹಸಿರು ಕಾಳು ಸಾಧಾರಣ ಒಳ್ಳೆಯ ದರಕ್ಕೇ ಹೋಯಿತು. ಕಂದು ಕಾಳಿಗೆ ಅದರ ಅರ್ಧವೂ ಬರಲಿಲ್ಲ. ಬೇಕರಿಗಳಿಗೆ ಮಾಲು ಕೊಡುವವರೊಬ್ಬರು ಐದು ಪೆಟ್ಟಿಗೆ ಕೊಂಡರು. ಉಳಿದ ಎರಡನ್ನು ನಾನೇ ಮಾರದೆ ಹಿಂದಕ್ಕೆ ಇಟ್ಟುಕೊಂಡೆ. ಸೊಸೈಟಿಯ ಕಂತಿಗೆ ಸಾಕಾಗುವಷ್ಟು ಹಣ ಬಂತು. ಔಷಧದಂಗಡಿಯ ಬಾಕಿಯಲ್ಲಿ ಅರ್ಧ ಹಾಗೆಯೇ ಉಳಿಯಿತು. ಮರಾಠಿಯ ಪಟ್ಟಿಯನ್ನು ಮಗಳು ಸಾಲು ಸಾಲಾಗಿ ಓದಿ ಕನ್ನಡದಲ್ಲಿ ಹೇಳಿದಳು. ತೂಕ, ದರ, ಹಮಾಲಿ, ಅಡತಿ, ಕೈಗೆ ಬರುವ ಮೊತ್ತ. ಲೆಕ್ಕ ಸರಿಯಿತ್ತು.

ಸಂಜೆ ಮಿರಜೆಯಲ್ಲಿ ಬಸ್ಸಿಗೆ ಒಂದು ತಾಸು ಕಾಯಬೇಕಿತ್ತು. ಮೀರಾಸಾಹೇಬರ ದರ್ಗಾದ ಕಡೆ ನಡೆದು, ವಾದ್ಯ ಮಾಡುವವರ ಗಲ್ಲಿಗೆ ಹೋದೆವು. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ನೆಲೆಸಿದ್ದ ಊರು ಇದು. 1937ರಲ್ಲಿ ತೀರಿಕೊಂಡ ಅವರ ಸಮಾಧಿ ಈ ದರ್ಗಾದ ಆವರಣದಲ್ಲಿದೆ. ಕುಂದಗೋಳದ ಸವಾಯಿ ಗಂಧರ್ವರು ಅವರ ಶಿಷ್ಯರು. ಹೀಗೆ ನಮ್ಮ ಧಾರವಾಡ ಸೀಮೆಯ ಸಂಗೀತದ ಒಂದು ಬೇರು ಮಿರಜೆಗೆ ಹಾಯುತ್ತದೆ. ಇಲ್ಲಿನ ಸಿತಾರ್ ಮತ್ತು ತಂಬೂರಿಗೆ 2024ರಲ್ಲಿ ಭೌಗೋಳಿಕ ಸೂಚಕ ದೊರೆಯಿತು. ಹಿಂದೆ ಆಯುಧಗಳಿಗೆ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನದವರು ಕತ್ತಿಯ ಕಾಲ ಮುಗಿದ ಮೇಲೆ ವಾದ್ಯದ ಕಡೆ ತಿರುಗಿದರು ಎಂಬುದು ಊರಿಗೆಲ್ಲ ಗೊತ್ತಿರುವ ಕಥೆ.

ಒಂದು ಅಂಗಡಿಯ ಗೋಡೆಗೆ ಒಣಗಿದ ದೊಡ್ಡ ದೊಡ್ಡ ಬುರುಡೆಗಳನ್ನು ತೂಗುಹಾಕಿದ್ದರು. ಪಂಢರಪುರದ ಕಡೆಯಿಂದ ಬರುವ ಕಾಯಿ ಅವು. ತಂಬೂರಿಯ ಕೆಳಗಿನ ಹೊಟ್ಟೆ ಇವುಗಳಿಂದಲೇ ಆಗುತ್ತದೆ. ಕುಶಲಕರ್ಮಿ ಒಂದನ್ನು ಬೆರಳಿನಿಂದ ತಟ್ಟಿ, ಕಿವಿ ಹಚ್ಚಿ, ಬದಿಗಿಟ್ಟರು. ಇನ್ನೊಂದನ್ನು ತಟ್ಟಿ ಹತ್ತಿರ ಇಟ್ಟುಕೊಂಡರು. ನೋಡಲು ಎರಡೂ ಒಂದೇ. “ಅದನ್ಯಾಕ ಬಿಟ್ರು ಅಪ್ಪಾ?” ಎಂದಳು ಮಗಳು. ಅವಳೇ ಮರಾಠಿಯಲ್ಲಿ ಕೇಳಿ, ಉತ್ತರವನ್ನು ನನಗೆ ಕನ್ನಡದಲ್ಲಿ ಹೇಳಿದಳು: ಅದು ಒಳಗೆ ಸರಿಯಾಗಿ ಒಣಗಿಲ್ಲವಂತೆ, ತಟ್ಟಿದರೆ ಸುಳ್ಳು ಹೇಳುವುದಿಲ್ಲವಂತೆ.

ಬಸ್ಸಿನಲ್ಲಿ ಅವಳು ವಹಿ ತೆಗೆದು ಆ ದಿನ ಬಾಯಿಗೆ ಬಂದ ಮಾತುಗಳನ್ನು ಬರೆದಳು: ಹುಳಿ, ಒಗರು, ಘಾಟು, ಜಿಗುಟು, ಕರಕರ, ಪಾಕದ ವಾಸನೆ, ಗಂಟಲ ಕೆರೆತ. ಶಾಲೆಯಲ್ಲಿ ಆರು ರಸಗಳ ಹೆಸರು ಬಾಯಿಪಾಠ ಮಾಡಿಸಿದವನು ನಾನೇ. ಅವು ನಾಲಿಗೆಗೆ ತಾಗಿದ್ದನ್ನು ಕಂಡದ್ದು ಅಂದೇ.

ಮನೆಗೆ ಬಂದಾಗ ರಾತ್ರಿಯಾಗಿತ್ತು. ನಡೆದದ್ದನ್ನು ಅಣ್ಣನಿಗೆ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ನಾನು ಅವನನ್ನು ದೂರಲಿಲ್ಲ. ಶೆಡ್ಡಿನ ಬಾಗಿಲಿನಿಂದ ಒಳಗೆ ಹೋದವನಿಗೆ ಆ ಅಧಿಕಾರವೂ ಇರಲಿಲ್ಲ. ಮಗಳು ತಟ್ಟೆಯಲ್ಲಿ ಕಂದು ಕಾಳು ಹಾಕಿ ತಂದು, “ದೊಡ್ಡಪ್ಪಾ, ಮೊದಲ ವಾಸನಿ ನೋಡು, ಆಮ್ಯಾಲೆ ತಿನ್ನು” ಎಂದು ಅವನ ಎಡಗೈಗೆ ಕೊಟ್ಟಳು. ಅವನು ನಿಧಾನವಾಗಿ ಅಗಿದ. ಇಪ್ಪತ್ತು ವರ್ಷ ದ್ರಾಕ್ಷಿ ಬೆಳೆದವನು ತನ್ನ ಕಾಳನ್ನು ಹೀಗೆ ತಿಂದದ್ದನ್ನು ನಾನು ನೋಡಿರಲಿಲ್ಲ. “ಛಲೋ ಐತಲ್ಲ” ಎಂದ. ಸ್ವಲ್ಪ ತಡೆದು, “ಮುಂದಿನ ಸಲ ಪಡುವಣ ಬದಿಗೆ ತಾಡಪತ್ರಿ ಕಟ್ಟಬೇಕು. ಮತ್ತ ಕಂದಿದ್ರ ಬ್ಯಾರೆನ ತುಂಬೂಣು” ಎಂದ.

ಇಟ್ಟುಕೊಂಡ ಎರಡು ಪೆಟ್ಟಿಗೆಗಳಲ್ಲಿ ಒಂದು ನಮ್ಮ ಶಾಲೆಗೆ ಹೋಯಿತು. ಒಂದು ಶನಿವಾರ ಮಕ್ಕಳಿಗೆ ಹಸಿರು, ಕಂದು ಎರಡೂ ಬಗೆಯ ಕಾಳು ಕೊಟ್ಟು, ನೋಡಿ, ಮೂಸಿ, ತಿಂದು, ಅನಿಸಿದ್ದನ್ನು ಒಂದೊಂದು ಮಾತಿನಲ್ಲಿ ಬರೆಯಿರಿ ಎಂದೆ. ಈ ಪತ್ರಿಕೆ ಓದುವ ಮನೆಗಳಲ್ಲಿಯೂ ಇದನ್ನು ಮಾಡಿ ನೋಡಬಹುದು. ಅದಕ್ಕೆ ದ್ರಾಕ್ಷಿಯೇ ಆಗಬೇಕೆಂದಿಲ್ಲ; ಎರಡು ಬಗೆಯ ಬೆಲ್ಲ, ಎರಡು ಊರಿನ ಜೋಳ ಇದ್ದರೂ ಆಯಿತು. ಅಜ್ಜಿ ಪಕ್ಕದಲ್ಲಿ ಕುಳಿತಿರಲಿ. ಮಕ್ಕಳಿಗೆ ಮಾತು ಸಿಗದಿದ್ದಾಗ ಅವಳ ಬಾಯಲ್ಲಿ ಸಿಗುತ್ತದೆ.